ಗುಡ್ಡದೊಳಗೆ ನಿಂತ ರೈಲು

ನನ್ನ ಗಂಡನ ಅಣ್ಣನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅವನು ಸತ್ತು ಎಷ್ಟೋ ವರ್ಷವಾಯಿತು, ಈಗಲೂ ಆಗುವುದಿಲ್ಲ. ನನ್ನ ಮದುವೆಯ ಊಟದಲ್ಲಿ ಅವನ ಎಲೆಯನ್ನು ಹಿಂದಿನ ಸಾಲಿಗೆ ಹಾಕಿದರೆಂದು ಮಿಡಿಗೇಶಿಯ ನನ್ನ ಅಪ್ಪನ ಮೇಲೆ ಹಲ್ಲು ಮಸೆಯುತ್ತಿದ್ದ. ಆ ಸಿಟ್ಟನ್ನು ತೀರಿಸಿಕೊಳ್ಳಲು ನಾನು ಸಿಕ್ಕಿದ್ದೆ. ಮಧುಗಿರಿಯ ಆ ಮನೆಯಲ್ಲಿ ಅವನು ಹೂಂ ಅನ್ನದೆ ನಾನು ತವರಿಗೆ ಹೋಗುವಂತಿರಲಿಲ್ಲ. ಆ ವರ್ಷ ದಸರಾ ಕಳೆದ ವಾರದಲ್ಲೇ ನನ್ನ ತಂಗಿಯ ಮದುವೆ. ಅತ್ತೆಯಿಂದ ಕೇಳಿಸಿದರೆ, "ಮೊದ್ಲು ಹಬ್ಬ ಮುಗೀಲಿ, ಆಮ್ಯಾಕೆ ನೋಡಾನ" ಎಂದು ಕಂಬದ ಕಡೆ ತಿರುಗಿ ಹೇಳಿದ. ತಮ್ಮನ ಹೆಂಡತಿಯೊಂದಿಗೆ ನೇರ ಮಾತಾಡುವ ಪದ್ಧತಿ ಇಲ್ಲವಲ್ಲ. ನನ್ನನ್ನು ಬೈಯುವುದಿದ್ದರೂ ಕಂಬವನ್ನು ಬೈಯುತ್ತಿದ್ದ. ನನ್ನ ಗಂಡ ಎಲೆಅಡಿಕೆ ಜಗಿಯುತ್ತ ಕೂತಿದ್ದ.

ಆ ಸಲ ಭಾವ ಬೆಂಗಳೂರಿನಿಂದ ಕೀಲಿ ಕೊಟ್ಟರೆ ಓಡುವ ತಗಡಿನ ರೈಲು ತಂದಿದ್ದ. ನಮ್ಮೂರಿಗೆ ನಿಜವಾದ ರೈಲೇ ಬಂದಿರಲಿಲ್ಲ. ಪಟ್ಟದ ಗೊಂಬೆಗಳ ಮುಂದೆ ಅದನ್ನು ಓಡಿಸಿ ಪೇಟೆಯವರೆಲ್ಲ ಮೂಗಿನ ಮೇಲೆ ಬೆರಳಿಡುವಂತೆ ಮಾಡಬೇಕೆಂದು ಅವನ ಆಸೆ. ಯಾರಿಗೂ ಮುಟ್ಟಗೊಡದೆ ಪಂಚೆಯ ಚುಂಗಿನಲ್ಲಿ ಒರೆಸುತ್ತಿದ್ದ. ಅದಕ್ಕೆ ಗುಡ್ಡ, ಸುರಂಗ, ಹೊಲ ಮಾಡುವ ಕೆಲಸ ಮಾತ್ರ ನನ್ನದು.

ಕುಕ್ಕೆಗಳನ್ನು ಬೋರಲು ಹಾಕಿ, ಗೋಣಿ ಹೊದಿಸಿ, ಜೇಡಿಮಣ್ಣು ಮೆತ್ತಿ ಬೂದಿ ಸವರಿದೆ. ಹಿತ್ತಿಲಿಂದ ಕಾಣುವ ಬೋಳು ಬೆಟ್ಟದ ಬಣ್ಣವೇ ಬಂತು. ರಾಗಿ ಪೈರನ್ನು ಎಲ್ಲರ ಮನೆಯಂತೆ ಬೇರೆ ತಟ್ಟೆಯಲ್ಲಿ ಬೆಳೆಸಿ ಇಡೋಣ ಎಂದಿದ್ದೆ. ಅವನು ಒಪ್ಪದೆ ಅತ್ತೆಗೆ ಹೇಳಿದ.

"ಕಂಬಿ ಅಂಚಿಗೆ, ಗುಡ್ಡದ ಮ್ಯಾಲೆ, ಎಲ್ಲಾ ಕಡೀಕೂ ಚೆಲ್ಲಕ್ಕೇಳವ್ವ. ಪೈರೊಳಗೆ ರೈಲು ನುಗ್ಗಬೇಕು."

"ದಿನಾ ನೀರು ಹಾಕ್ಬೇಕಲ್ಲ ಅತ್ತೆ, ತಗಡು ತುಕ್ಕು ಹಿಡೀತದೆ" ಎಂದೆ.

"ರೈಲೇ ಕಾಣದೋರು ನಂಗೆ ಹೇಳ್ಕೊಡಾದಾ?" ಎಂದು ಕಂಬವನ್ನು ಗದರಿದ.

ಪಾಡ್ಯದ ಹೊತ್ತಿಗೆ ಪೈರು ಹಸಿರಾಗಿ ಎದ್ದಿತ್ತು. ಸಂಜೆ ಆರತಿಗೆ ಬಂದ ಹೆಂಗಸರ ಮುಂದೆ ಅವನು ಕೀಲಿ ಕೊಟ್ಟ. ರೈಲು ಹೊಲ ದಾಟಿ ಸುರಂಗಕ್ಕೆ ನುಗ್ಗಿತು. ನೆನೆದು ಜಗ್ಗಿದ್ದ ಮಣ್ಣು ಒಳಗೇ ದೊಪ್ಪನೆ ಕುಸಿಯಿತು. ರೈಲು ಹೊರಗೆ ಬರಲಿಲ್ಲ. ಭಾವ ಬೋರಲು ಮಲಗಿ ಕೈ ತೂರಿಸಿದರೆ ಕೆಸರು ಸಿಕ್ಕಿತು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಒಡೆದ್ಬುಡ್ತೀನಿ ಈ ಗುಡ್ಡಾವ!" ಎಂದು ಎದ್ದ.

ಅತ್ತೆ ಅಡ್ಡ ನಿಂತರು. "ಕೂರ್ಸಿದ್ದನ್ನ ದಶಮಿಗಂಟ ಕದಲ್ಸಂಗಿಲ್ಲ ಕಣಪ್ಪ. ಗೊಂಬೆ ಮಲಗಿಸಿದ ಮ್ಯಾಲೆ ಏನಾರ ಮಾಡ್ಕೊ."

ದೇವರ ಮುಂದಿನ ಪೈರು ಬಾಡಬಾರದು ಎಂಬುದೂ ಪದ್ಧತಿಯೇ. ದಿನಾ ಬೆಳಿಗ್ಗೆ ಮಿಂದು, ತಂಬಿಗೆ ತುಂಬ ನೀರು ತಂದು, ಗುಡ್ಡದ ನೆತ್ತಿಯಿಂದ ನಿಧಾನವಾಗಿ ಸುರಿಯುತ್ತಿದ್ದೆ. ಅವನು ಜಗಲಿಯಲ್ಲಿ ಕೂತು ನೋಡುತ್ತಿದ್ದ. ಬೇಡ ಅನ್ನುವಂತಿರಲಿಲ್ಲ. ಅಷ್ಟು ಭಕ್ತಿಯಿಂದ ನಾನು ಯಾವ ಪೂಜೆಯನ್ನೂ ಮಾಡಿದವಳಲ್ಲ.

ದಶಮಿಯ ಮರುದಿನ ಗುಡ್ಡ ಒಡೆದ. ರೈಲಿನ ಮೈಯೆಲ್ಲ ತುಕ್ಕು, ಗಾಲಿಗಳ ಸುತ್ತ ರಾಗಿಯ ಬೇರು. ಕೀಲಿ ಅಲುಗಲಿಲ್ಲ. ಅವನಿಗೆ ಕಂಬ ಮರೆತೇಹೋಯಿತು. ಮೊದಲ ಸಲ ನನ್ನ ಮುಖವನ್ನೇ ನೋಡಿ ಕೂಗಿದ: "ಈ ಮನ್ಯಾಗಿರಬ್ಯಾಡ ನೀನು. ನಡಿ, ನಿಮ್ಮಪ್ಪನ ಮನೆಗೆ!"

ಒಳಗೆ ಹೋದೆ. ತಂಗಿಗೆಂದು ತೆಗೆದಿಟ್ಟ ಸೀರೆಯನ್ನೂ ಸೇರಿಸಿ ಗಂಟು ಕಟ್ಟಿ ಬಹಳ ದಿನವಾಗಿತ್ತು. ಅದನ್ನೆತ್ತಿಕೊಂಡು ಬಂದು, "ಆಗ್ಲಿ ಭಾವ, ಮದುವೆ ಮುಗಿಸ್ಕಂಡು ಬತ್ತೀನಿ" ಎಂದು ನಾನೂ ಅವನಿಗೆ ನೇರವಾಗಿಯೇ ಹೇಳಿ ಹೊಸಿಲು ದಾಟಿದೆ.