ಸೊನ್ನೆ ಬರೆಯದ ಚಿಕ್ಕಮಾರಮ್ಮ

ಬೆಳಗಿನ ಆರೂವರೆ. ಗುಬ್ಬಿಯ ಹಳೆಯ ಬೀದಿಯೊಂದರಲ್ಲಿ ಚಿಕ್ಕಮಾರಮ್ಮ ನೀಲಿ ಡ್ರಮ್ಮಿನೊಳಗೆ ತಲೆ ಹಾಕಿ ನಿಂತಿದ್ದಾರೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಬಿಳಿ ಸೌಟು. ಹತ್ತಿರ ಹೋದ ನನ್ನನ್ನು ಕೈಯೆತ್ತಿ ತಡೆಯುತ್ತಾರೆ. ನೆರಳು ಬಿದ್ದರೆ ಸೊಳ್ಳೆಯ ಹುಳ ತಳಕ್ಕಿಳಿಯುತ್ತದೆ. ಅದು ಮೇಲೆ ಬರುವವರೆಗೆ ಕಾಯಬೇಕು. ಇಬ್ಬರೂ ಕಾಯುತ್ತೇವೆ. ಆಮೇಲೆ ಸೌಟಿನಲ್ಲಿ ಮೂರು ಹುಳ ಕುಣಿಯುತ್ತವೆ.

"ಏನ್ ಬಸವಲಿಂಗಮ್ಮನೋರೆ, ಡ್ರಮ್ಮಲ್ಲಿ ಸೊಳ್ಳೆ ಸಾಕಿದೀರಾ?"

"ಹೋಗೇ! ಮೊನ್ನೆ ತಾನೆ ನೀರು ತುಂಬ್ಸಿದೀನಿ," ಮನೆಯೊಡತಿ ಸಿಡುಕುತ್ತಾರೆ.

"ತುಂಬ್ಸಿದೀರಿ. ಹಳೇದು ಚೆಲ್ಲಿದ್ರಾ?"

"ಬರಿದು ಮಾಡಕ್ಕಾಯ್ತದಾ? ಮನೇಲಿ ನೀರಿನ ಪಾತ್ರೆ ಒಣಗಬಾರ್ದು ಕಣೇ."

ಈ ಬೀದಿಗೆ ನಲ್ಲಿ ನೀರು ವಾರಕ್ಕೊಮ್ಮೆ. ತಳದಲ್ಲಿ ನಾಲ್ಕು ಚೊಂಬು ಉಳಿಸಿ, ಅದರ ಮೇಲೆ ಹೊಸ ನೀರು ತುಂಬುವುದು ರೂಢಿ. ಡೆಂಗಿ ಸೊಳ್ಳೆಯ ಸಂಸಾರ ಆ ನಾಲ್ಕು ಚೊಂಬಿನಲ್ಲೇ. ಡ್ರಮ್ಮು ಒಣಗಿಸಿ ಎನ್ನುವ ಕರಪತ್ರ ಪ್ರತಿ ಮನೆಯಲ್ಲೂ ಮಡಿಸಿಟ್ಟಲ್ಲೇ ಇದೆ. ಚಿಕ್ಕಮಾರಮ್ಮ ಕರಪತ್ರದ ಮಾತೆತ್ತುವುದಿಲ್ಲ. ಒಂದು ಚೊಂಬು ಕುಡಿಯುವ ನೀರನ್ನು ಮೊದಲು ದೇವರ ಮುಂದೆ ಇಡಿಸುತ್ತಾರೆ. "ಗಂಗಮ್ಮ ಅಲ್ಲವ್ಳೆ. ಈಗ ಮನೆ ಒಣಗ್ಲಿಲ್ಲ, ಬಗ್ಗಿಸಿ ಡ್ರಮ್ಮ." ಬಸವಲಿಂಗಮ್ಮ ನಗುತ್ತಲೇ ಬಗ್ಗಿಸುತ್ತಾರೆ. ಒಳಗೋಡೆಗೆ ಅಂಟಿದ ಮೊಟ್ಟೆಗಳನ್ನು ಚಿಕ್ಕಮಾರಮ್ಮ ತೆಂಗಿನ ನಾರಿನಿಂದ ಉಜ್ಜುತ್ತಾರೆ. ದೇವರ ಮುಂದಿನ ಚೊಂಬಿನ ಈ ಉಪಾಯವನ್ನು ಯಾವ ಅಧಿಕಾರಿಯೂ ಇವರಿಗೆ ಕಲಿಸಿಲ್ಲ, ಇವರಿಂದ ಕಲಿತೂ ಇಲ್ಲ.

ಚಿಕ್ಕಮಾರಮ್ಮನ ಊರು ಹಾಗಲವಾಡಿ, ವಯಸ್ಸು ನಲವತ್ತಾರು. ಹನ್ನೊಂದು ವರ್ಷದಿಂದ ಆರೋಗ್ಯ ಇಲಾಖೆಯಲ್ಲಿ ಹೊರಗುತ್ತಿಗೆಯ ಲಾರ್ವಾ, ಅಂದರೆ ಸೊಳ್ಳೆ ಹುಳದ, ಸಮೀಕ್ಷಕಿ. ದಿನಕ್ಕೆ ಅರವತ್ತು ಮನೆ, ಹತ್ತಿರ ಹತ್ತಿರ ಮುನ್ನೂರು ಪಾತ್ರೆ. ಟಾರ್ಚು ಇಲಾಖೆಯದು, ಸೆಲ್ಲು ಇವರದು.

ಎರಡು ವರ್ಷದ ಹಿಂದೆ, ಇವರನ್ನು ಸಮೀಕ್ಷೆಗೆ ಕಳಿಸಿದ್ದ ಕುಣಿಗಲ್‌ನ ಒಂದು ಬೀದಿಯಲ್ಲಿ ಹದಿನೆಂಟು ಮನೆಗಳಲ್ಲಿ ಹುಳ ಸಿಕ್ಕಿತ್ತು. ಮೇಲ್ವಿಚಾರಕರು ಸಮೀಕ್ಷೆಯ ಹಾಳೆ ಹಿಂದಿರುಗಿಸಿದರು. "ಇಷ್ಟು ಬರೆದ್ರೆ ಮೇಲಿನೋರು ಬೈತಾರೆ, ಸೊನ್ನೆ ಹಾಕು ಅಂದ್ರು. ಹಾಕ್ದೆ." ಸೊನ್ನೆ ಬಿದ್ದ ಬೀದಿಗೆ ಹೊಗೆ ಯಂತ್ರ ಬರಲಿಲ್ಲ, ಜ್ವರ ಕೇಳಲೂ ಯಾರೂ ಬರಲಿಲ್ಲ. ಇಪ್ಪತ್ತು ದಿನದಲ್ಲಿ ಆ ಬೀದಿಯ ಶಿಲ್ಪಾ, ಪಿಯುಸಿ ಓದುತ್ತಿದ್ದವಳು, ಡೆಂಗಿಯಿಂದ ತೀರಿಕೊಂಡಳು.

"ಅವತ್ತು ಡ್ರಮ್ಮಿನ ಮುಚ್ಚಳ ತೆಗೆದುಕೊಟ್ಟೋಳು ಅವ್ಳೇ," ಎನ್ನುತ್ತಾರೆ ಚಿಕ್ಕಮಾರಮ್ಮ. ಆ ಮಾತನ್ನು ಬರೆಯಲು ಸಮೀಕ್ಷೆಯ ಹಾಳೆಯಲ್ಲಿ ಜಾಗವಿಲ್ಲ.

ರೋಗ ಎಲ್ಲಿ ಹುಟ್ಟಿತು, ಎತ್ತ ಹರಡಿತು ಎಂದು ತಂಪು ಕೋಣೆಗಳಲ್ಲಿ ಬಣ್ಣದ ನಕ್ಷೆ ಬಿಡಿಸುವವರಿದ್ದಾರೆ. ಆ ನಕ್ಷೆಯ ಬುಡ ಈ ಹೆಂಗಸಿನ ಹಾಳೆ. ಬುಡದಲ್ಲೇ ಸುಳ್ಳು ಬರೆಸಿದ ಮೇಲೆ ಅದೆಂಥ ವಿಜ್ಞಾನ? ಸಾವಾದ ಮನೆಗೆ ಹೋಗಿ "ನೀರೇಕೆ ಮುಚ್ಚಿಡಲಿಲ್ಲ" ಎಂದು ಗದರುವವರು, ವಾರಕ್ಕೊಮ್ಮೆ ನೀರು ಬಿಡುವವರನ್ನು ಒಂದು ಮಾತೂ ಕೇಳುವುದಿಲ್ಲವೇಕೆ?

ಕುಣಿಗಲ್‌ನ ನಂತರ ಚಿಕ್ಕಮಾರಮ್ಮನ ಚೀಲದಲ್ಲಿ ಹುಳ ಹಿಡಿದಿಡುವ ಪುಟ್ಟ ಬಾಟಲಿಗಳು ಸೇರಿವೆ. ಹುಳ ಸಿಕ್ಕ ಪ್ರತಿ ಮನೆಯದೂ ಒಂದೊಂದು, ಮೇಲೆ ಅಂಟುಪಟ್ಟಿಯಲ್ಲಿ ಮನೆ ನಂಬರು. ಹನ್ನೊಂದು ಗಂಟೆಗೆ ಇಂದಿನ ಬೀದಿ ಮುಗಿದಾಗ ಬಾಟಲಿಗಳು ಇಪ್ಪತ್ತೆರಡು. ಆಗಲೇ ನಾಲ್ಕು ಮನೆಗಳಲ್ಲಿ ಜ್ವರವಿದೆ. ಫೋನು ಬಡಿದುಕೊಳ್ಳುತ್ತದೆ. ಮೇಲ್ವಿಚಾರಕರ ದನಿ ನನಗೂ ಕೇಳುತ್ತದೆ.

"ಎಷ್ಟಮ್ಮ?"

"ಇಪ್ಪತ್ತೆರಡು ಸಾರ್."

"ಎರಡು ಅಂತ ಬರಿ. ತಿಂಗಳ ಕೊನೆಗೆ ನಿನ್ ಗುತ್ತಿಗೆ ರಿನೀವಲ್ ಐತೆ, ಗೊತ್ತಲ್ಲ?"

"ಗೊತ್ತು ಸಾರ್. ಬಾಟ್ಲಿ ತರ್ತಾ ಇದೀನಿ, ನೀವೇ ಎಣಿಸ್ಕಳಿ."

ಫೋನಿಟ್ಟು, ಜಗಲಿಯ ಮೇಲೆ ಕೂತು, ಹಾಳೆಯಲ್ಲಿ ಇಪ್ಪತ್ತೆರಡು ಎಂದು ಬರೆಯುತ್ತಾರೆ. ಕೆಲಸ ಹೋದರೆ? ನಾನು ಕೇಳುತ್ತೇನೆ.

"ಹೋದ್ರೆ ಹೋಗ್ಲಿ ಬುಡಿ. ನಾಳೆ ಯಾರಾದ್ರೂ ಬಂದು ಆ ನಾಕ್ ಮನೆ ಜ್ವರ ನೋಡ್ಲಿ, ಅಷ್ಟು ಸಾಕು." ಪೆನ್ನಿನ ಮುಚ್ಚಳ ಹಾಕುತ್ತಾರೆ. "ಸೊನ್ನೆ ನಾನು ಒಂದೇ ಸಲ ಬರ್ದಿದ್ದು."