ದೊಡ್ಡಪತ್ರೆ ಮೇಡಂ

ಶಾಂತಾ ಮೇಡಂ ಯಾವುದನ್ನೇ ಆಗಲಿ ಮೊದಲು ಮೂಸಿ ಆಮೇಲೆ ನೋಡುತ್ತಿದ್ದರು. ಹೊಸ ತಿಪ್ಪಸಂದ್ರದ ನನ್ನ ವೆಲ್ಡಿಂಗ್ ಅಂಗಡಿಗೆ ಮೊದಲ ಸಲ ಬಂದಾಗ ಸ್ಟೀಲ್ ಪೈಪಿಗೂ ಮೂಗು ಹಚ್ಚಿ, "ಗ್ರೀಸಿನ ವಾಸನಿ ಐತ್ರಿ, ಬ್ಯಾರೆ ಕೊಡ್ರಿ" ಎಂದರು. ಧಾರವಾಡದ ಕಡೆಯವರು, ಇಲ್ಲೊಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದರು. ದೊಡ್ಡಪತ್ರೆ ಎಲೆಯನ್ನು ಹಬೆಯಲ್ಲಿ ಬೇಯಿಸಿ ಎಣ್ಣೆ ಇಳಿಸುವ ಪಾತ್ರೆ ಬೇಕಿತ್ತು. ನಾನು ಓದಿದ್ದು ಏಳನೇ ಕ್ಲಾಸು. ಆದರೆ ನಾನು ಹಾಕಿದ ಬೆಸುಗೆ ಇವತ್ತಿನವರೆಗೆ ಸೋರಿಲ್ಲ. ಮಾಡಿಕೊಟ್ಟೆ.

ಅವರ ಮನೆಯ ತಾರಸಿ ತುಂಬ ಅದೇ ಗಿಡ. ಬಕೆಟ್ಟು, ಒಡೆದ ಸಿಂಕು, ಹಳೇ ಹೆಲ್ಮೆಟ್ಟು, ಎಲ್ಲದರಲ್ಲೂ. ಬುಟ್ಟಿ ಎಲೆ ಬೇಯಿಸಿದರೆ ಚಮಚದ ತಳ ಮುಚ್ಚುವಷ್ಟು ಎಣ್ಣೆ. ಅದರಲ್ಲಿ ಏನಿದೆ ಎಂದು ಕೇಳಿದ್ದಕ್ಕೆ, "ಹೆಚ್ಚಿಂದು ಕಾರ್ವಕ್ರಾಲ್ ರಿ. ಓಂಕಾಳಿನ ವಾಸನಿಗೆ ದಾಯಾದಿ" ಎಂದರು.

ಆ ಎಣ್ಣೆ ರೋಗಾಣುವನ್ನು ಕೊಲ್ಲುತ್ತದೆಂದು ತೋರಿಸಿ, ನಿವೃತ್ತಿಗೆ ಮುಂಚೆ ಡಾಕ್ಟರೇಟಿನ ಪ್ರಬಂಧ ಒಪ್ಪಿಸಬೇಕಿತ್ತು. ರೋಗಾಣು ಬೆಳೆಸುವ ಗಾಜಿನ ತಟ್ಟೆಯಲ್ಲಿ ಎಣ್ಣೆ ಹೀರಿದ ಕಾಗದದ ಬಿಲ್ಲೆ ಇಡುತ್ತಾರೆ. ಎಣ್ಣೆ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ರೋಗಾಣು ಬೆಳೆಯದೆ ಬೋಳು. ಬೋಳು ದೊಡ್ಡದಾಗಿಯೇ ಬಂತು. ಸುದ್ದಿ ಕೇಳಿ ಬಾಟಲಿ ಹಿಡಿದು ಬಂದ ಬೀದಿಯವರನ್ನು, "ಗಾಜಿನ್ಯಾಗ ಸತ್ತದ್ದು ಹೊಟ್ಟ್ಯಾಗ ಸಾಯ್ಬೇಕಂತಿಲ್ರಿ" ಎಂದು ವಾಪಸು ಕಳಿಸಿದರು.

ಒಂದು ಸಂಜೆ ಸಪ್ಪೆ ಮುಖ ಹೊತ್ತು ಅಂಗಡಿಗೆ ಬಂದರು. ಎಣ್ಣೆಯನ್ನು ಸ್ಪಿರಿಟ್ಟಿನಲ್ಲಿ ತೆಳುಮಾಡಿ ಬಿಲ್ಲೆಗೆ ಹಾಕುತ್ತಿದ್ದರಂತೆ. ಬರೀ ಸ್ಪಿರಿಟ್ಟಿನ ಬಿಲ್ಲೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಅದರ ಸುತ್ತ ಕೂಡ ಬೋಳು. ಅವಸರದಲ್ಲಿ ಬಿಲ್ಲೆಗಳನ್ನು ಒಣಗಿಸದೆ ಹಸಿಯಾಗಿಯೇ ಇಟ್ಟಿದ್ದರು. ಕೊಂದದ್ದು ಎಲೆಯೋ ಸ್ಪಿರಿಟ್ಟೋ ಹೇಳುವಂತಿರಲಿಲ್ಲ.

"ನನ್ನ ಜಾಯಿಂಟ್ ಸೋರಲ್ಲ ಮೇಡಂ, ಮೊದ್ಲೇ ಹೇಳ್ಬಿಡ್ತೀನಿ."

"ನಿಮ್ಮ ಪಾತ್ರಿಗೆ ಯಾರೇನಂದ್ರು? ಮೂಗಿನ ತುದೀ ಮ್ಯಾಲೇ ಸಿಟ್ಟು ನಿಮಗ. ಗಡಿಬಿಡಿ ಮಾಡಿದಾಕಿ ನಾನು."

"ಆ ಒಂದು ತಟ್ಟೆ ಬಿಸಾಕ್ಬಿಡಿ. ಯಾರು ನೋಡಿದ್ರು?"

"ನಾ ನೋಡೇನಲ್ರಿ."

ಮತ್ತೆ ಮೊದಲಿನಿಂದ ಶುರು. ಗಿಡಗಳಲ್ಲಿ ಎಲೆ ಉಳಿದಿರಲಿಲ್ಲ. ಶಿವಾಜಿನಗರದ ಮಾರ್ಕೆಟ್ಟಿನಿಂದ ತಂದುಕೊಡುತ್ತೇನೆ ಎಂದೆ. ಬೇರೆ ಗಿಡದ್ದು ಬೇಡ ಎಂದು ಚಿಗುರಿಗೆ ಕಾದರು. ಅಷ್ಟರಲ್ಲಿ ನಿವೃತ್ತಿಯಾಯಿತು, ಪ್ರಬಂಧದ ಗಡುವೂ ದಾಟಿತು. ಆದರೂ ಗೆಳತಿಯ ಲ್ಯಾಬಿನಲ್ಲಿ ಕೂತು ಕೆಲಸ ಮುಗಿಸಿದರು.

ಊರಿಗೆ ಹೊರಟ ದಿನ ಅಂಗಡಿ ಮುಂದೆ ಆಟೊ ನಿಲ್ಲಿಸಿ, ಮೊಬೈಲಿನಲ್ಲಿ ಫೋಟೊ ತೋರಿಸಿದರು. ಈ ಸಲ ಒಣಗಿಸಿಟ್ಟ ಸ್ಪಿರಿಟ್ಟಿನ ಬಿಲ್ಲೆಯ ಸುತ್ತ ಬೋಳೇ ಇಲ್ಲ. ಎಣ್ಣೆಯದರ ಸುತ್ತ ಉಗುರಿನಗಲದ ಬೋಳು.

"ಇಷ್ಟೇನಾ ಮೇಡಂ?"

"ಇಷ್ಟ ನೋಡ್ರಿ. ಆದ್ರ ಇದು ಎಲಿದು."

ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ ಇನ್ನೊಮ್ಮೆ ನೋಡಿಕೊಂಡು ಆಟೊ ಹತ್ತಿದರು. ಆಮೇಲೆ ಅವರನ್ನು ನಾನು ಕಂಡಿಲ್ಲ.