ಹೆಡ್‌ಫೋನ್ ಹಾಕಿ ನೋಡದೆ ಮಾಡಿದ ಸಹಿ

ಆ ದಿನ ನಾಗವೇಣಿಯ ಕೈಯಿಂದ ಯಾವ ತಪ್ಪೂ ಆಗಿರಲಿಲ್ಲ. ತಪ್ಪು ನನ್ನದು. ಅದನ್ನು ಅವಳ ತಲೆಗೆ ಕಟ್ಟಿದವನೂ ನಾನೇ. ಒಂಬತ್ತು ವರ್ಷ ಬಾಯಿ ಬಿಡದೆ, ಊರವರಿಂದ ಒಳ್ಳೆಯ ಮೇಷ್ಟ್ರು ಅನಿಸಿಕೊಂಡು ಓಡಾಡಿದೆ. ಇದನ್ನು ಬರೆಯುವಾಗಲೂ, ನೋಡಿ, ಮನಸ್ಸು ಒಂದು ನೆಪಕ್ಕಾಗಿ ತಡಕಾಡುತ್ತಿದೆ — ಥೂ!

ದಾವಣಗೆರೆಯ ವಿದ್ಯಾನಗರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ನಾಗವೇಣಿ ಹರಿಹರದ ಪಕ್ಕದ ಗುತ್ತೂರಿನ ಹುಡುಗಿ. ಹುಟ್ಟಿನಿಂದ ಕಣ್ಣು ಕಾಣದು. ಅವಳ ಅಪ್ಪ ಫ್ಯಾಕ್ಟರಿಯ ಪಾಳಿ ಮುಗಿಸಿ, ಮಗಳನ್ನು ಬಸ್ಸಿನಲ್ಲಿ ಕರೆತಂದು, ಪಾಠ ಮುಗಿಯುವವರೆಗೆ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತಿದ್ದರು.

ನಮ್ಮ ಕಂಪ್ಯೂಟರುಗಳಲ್ಲಿ ಇದ್ದದ್ದು ವಿಂಡೋಸ್ ಅಲ್ಲ, ಲಿನಕ್ಸ್. ಒತ್ತಿದ ಅಕ್ಷರವನ್ನೂ ಪರದೆಯ ಸಾಲನ್ನೂ ಕನ್ನಡದಲ್ಲಿ ಓದಿ ಹೇಳುವ ಒಂದು ಸಾಫ್ಟ್‌ವೇರನ್ನು ಅವಳಿಗಾಗಿ ಹುಡುಕಿ ಹಾಕಿಕೊಟ್ಟಿದ್ದೆ. ಮೊದಲ ಸಲ ಆ ದನಿ ಕೇಳಿ, "ಸರ್, ನಿಮ್ಮ ಕಂಪ್ಯೂಟರಿಗೆ ನೆಗಡಿ ಆಗೈತೇನ್ರಿ?" ಎಂದು ಬಿದ್ದು ಬಿದ್ದು ನಕ್ಕಿದ್ದಳು. ಆರು ತಿಂಗಳಲ್ಲಿ ಕಣ್ಣಿರುವ ಹುಡುಗರನ್ನೆಲ್ಲ ಟೈಪಿಂಗಿನಲ್ಲಿ ಹಿಂದೆ ಹಾಕಿದಳು. ಹರಿಹರದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಕೆಲಸದ ಪರೀಕ್ಷೆಗೂ ಕರೆ ಬಂತು. ಅವಳಿಗಾಗಿ ಅಲ್ಲಿಯ ಒಂದು ಕಂಪ್ಯೂಟರನ್ನು ಸಜ್ಜು ಮಾಡುವ ಕೆಲಸವನ್ನು ಕಚೇರಿಯವರು ನನಗೇ ಒಪ್ಪಿಸಿದರು.

ಇಲ್ಲೊಂದು ವಿಷಯ ಹೇಳಬೇಕು. ಲಿನಕ್ಸಿಗೆ ತನ್ನದೇ ಒಂದು ಉಗ್ರಾಣವಿರುತ್ತದೆ. ಅಲ್ಲಿರುವ ಸಾಫ್ಟ್‌ವೇರನ್ನು ಹೆಸರು ಹೇಳಿ ಕೇಳಿದರೆ ಸಾಕು, ಅದಕ್ಕೆ ಬೇಕಾದ ಬಿಡಿಭಾಗಗಳ ಸಮೇತ ತಂದು ಕೂರಿಸುತ್ತದೆ. ನಾಗವೇಣಿಯ ಸಾಫ್ಟ್‌ವೇರ್ ಆ ಉಗ್ರಾಣದಲ್ಲಿ ಇರಲಿಲ್ಲ. ಹೊರಗಿನಿಂದ ಫೈಲ್ ಇಳಿಸಿಕೊಂಡು ಕೈಯಾರೆ ಹಾಕಬೇಕಿತ್ತು. ನಮ್ಮ ಲ್ಯಾಬಿನಲ್ಲಿ ಹಾಕಿದಾಗ ಇಂಟರ್ನೆಟ್ ಇತ್ತಲ್ಲ, ಉಳಿದ ಬಿಡಿಭಾಗಗಳನ್ನು ಕಂಪ್ಯೂಟರೇ ತರಿಸಿಕೊಂಡಿತ್ತು. ನಾನು ಗಮನಿಸಲೂ ಇಲ್ಲ. ಆ ಒಂದೇ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ದೊಡ್ಡ ಪಂಡಿತನ ಹಾಗೆ, ಪರೀಕ್ಷೆಯ ಹಿಂದಿನ ದಿನ ಹರಿಹರಕ್ಕೆ ಹೋದೆ.

ಆ ಕೋಣೆಯಲ್ಲಿ ಇಂಟರ್ನೆಟ್ ಇರಲಿಲ್ಲ. ದನಿ ಹೊರಡಿಸಲು ಬೇಕಾದ ಇಂತಿಂಥ ಬಿಡಿಭಾಗಗಳು ಸಿಗುತ್ತಿಲ್ಲ ಎಂದು ಕಂಪ್ಯೂಟರ್ ಸ್ಪಷ್ಟವಾಗಿ ತೋರಿಸಿತು. ನಾನು ಓದಿದೆ. ಅರ್ಥವೂ ಆಯಿತು. ದಾವಣಗೆರೆಗೆ ಹೋಗಿ ಅವನ್ನು ತರಲು ಸಮಯ ಬೇಕಾದಷ್ಟಿತ್ತು. ಆದರೆ ಅವತ್ತು ಅಮಾವಾಸ್ಯೆ. ಉಕ್ಕಡಗಾತ್ರಿಯ ಗುಡಿಗೆ ಹೊರಟ ನಮ್ಮ ಮನೆಮಂದಿ ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಟೆಂಪೋ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಹೆಂಡತಿಯದು ಮೇಲಿಂದ ಮೇಲೆ ಫೋನು: "ಎಲ್ರೂ ಕುಂತಾರೆ, ಲಗೂನ ಬರ್ರಿ."

ಏನಿಲ್ಲದಿದ್ದರೂ ಸರಿ, ಇದನ್ನು ಹಾಕು ಎಂದು ಕಂಪ್ಯೂಟರನ್ನು ಬಲವಂತ ಮಾಡುವ ಒಂದು ದಾರಿಯಿದೆ. ಹಾಗೇ ಮಾಡಿದೆ. ಪರದೆಯ ಮೇಲೆ ಸಾಫ್ಟ್‌ವೇರಿನ ಪುಟ್ಟ ಚಿತ್ರ ಬಂದು ಕೂತಿತು. ಹೆಡ್‌ಫೋನು ಮೇಜಿನ ಮೇಲೇ ಇತ್ತು... ಒಂದು ಸಲ ಕಿವಿಗೆ ಇಟ್ಟು ನೋಡಲಿಲ್ಲ. 'ಪರೀಕ್ಷಿಸಿದೆ, ಸಿದ್ಧವಿದೆ' ಎಂಬ ಕಾಗದಕ್ಕೆ ಸಹಿ ಹಾಕಿ ಓಡಿದೆ.

ಮಾರನೇ ದಿನ ನಾಗವೇಣಿ ಹೆಡ್‌ಫೋನ್ ಹಾಕಿಕೊಂಡು ಕೂತಳು. ಕೀ ಒತ್ತಿದಳು. ಕಾದಳು. ಮತ್ತೆ ಒತ್ತಿದಳು. ಪರೀಕ್ಷೆ ನಡೆಸುತ್ತಿದ್ದ ಅಧಿಕಾರಿ, ಬಾಗಿಲಲ್ಲಿದ್ದ ನನ್ನನ್ನು ಒಳಗೆ ಕರೆದರು. ನನ್ನ ಹೆಜ್ಜೆಯ ಸದ್ದಿನಿಂದಲೇ ಗುರುತು ಹಿಡಿದು, "ಸರ್, ಇದು ಮಾತಾಡವಲ್ದುರಿ" ಅಂದಳು. ನಾನು ಬಂದೆನಲ್ಲ, ಇನ್ನೇನು ಸರಿಯಾಗುತ್ತದೆ ಎಂಬ ಧೈರ್ಯ ಅವಳ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಅಧಿಕಾರಿ ನನ್ನ ಸಹಿಯ ಕಾಗದ ಹಿಡಿದು ನಿಂತಿದ್ದರು. ನಾನು ಹೇಳಿದೆ:

"ನಿನ್ನೆ ನಾನೇ ನೋಡೀನಿ ಸರ್, ಸರಿ ಇತ್ತು. ಅವಳೇ ಏನೋ ಒತ್ತಿ ಕೆಡಿಸಿರಬೇಕು."

ಅವಳು ಜಗಳವಾಡಬೇಕಿತ್ತು. ಸುಳ್ಳು ಹೇಳಬ್ಯಾಡ್ರಿ ಅಂತ ಕಿರುಚಬೇಕಿತ್ತು. ಎರಡೂ ಕೈ ಕೀಬೋರ್ಡಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡು, "ತಪ್ಪಾತ್ರಿ ಸರ್" ಅಂದಳು. ನನಗೆ ಕ್ಷಮೆ ಕೇಳಿದಳು — ನನಗೆ! ಅಭ್ಯರ್ಥಿಯ ತಪ್ಪು ಎಂದು ಬರೆದುಕೊಂಡರು. ಕೆಲಸ ಬೇರೆಯವರಿಗೆ ಹೋಯಿತು. ನಾನು ಆ ಕಂಪ್ಯೂಟರಿನಿಂದ ಸಾಫ್ಟ್‌ವೇರ್ ಅಳಿಸಿ, ಏನೂ ಗೊತ್ತಿಲ್ಲದವನಂತೆ ದಾವಣಗೆರೆ ಬಸ್ಸು ಹತ್ತಿದೆ. ಆಮೇಲೆ ಅವಳು ಲ್ಯಾಬಿಗೆ ಬರಲೇ ಇಲ್ಲ. ನಾನೂ ಕೇಳಲು ಹೋಗಲಿಲ್ಲ. ಬರದಿದ್ದದ್ದೇ ಒಳ್ಳೆಯದಾಯಿತು ಅನಿಸಿತ್ತು ನನಗೆ, ಹೌದು, ಹಾಗೇ ಅನಿಸಿತ್ತು.

ಹೋದ ತಿಂಗಳು ಅವಳ ತಾಯಿ ಬಸಮ್ಮ ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. "ಮೊಬೈಲ್ ಕೊಡಿಸಿದ್ರೂ ಮುಟ್ಟಂಗಿಲ್ರಿ ಸರ್. ಗ್ಯಾಸ್ ಹಚ್ಚಂಗಿಲ್ಲ. ನನ್ನ ಕೈ ತಾಗಿದ್ರೆ ಎಲ್ಲಾ ಕೆಡತೈತೆ ಅಂತಾಳೆ. ನೀವರ ಒಂದು ಮಾತು ಹೇಳ್ರಿ, ನಿಮ್ಮ ಮಾತಂದ್ರೆ ಕೇಳ್ತಾಳೆ." ಇಷ್ಟು ದಿನ ನಾನು ಅವಳದೊಂದು ಕೆಲಸ ಕಳೆದೆ ಅಂದುಕೊಂಡಿದ್ದೆ — ಒಂದು ಜೀವದ ಎರಡೂ ಕೈ ಕಟ್ಟಿಹಾಕಿದ್ದೆ.

ಮರುದಿನವೇ ಗುತ್ತೂರಿಗೆ ಹೋದೆ. ಇಲ್ಲಿ ಬರೆದದ್ದನ್ನೆಲ್ಲ, ಒಂದನ್ನೂ ಬಿಡದೆ, ಅವಳೆದುರು ಕೂತು ಹೇಳಿದೆ. ಬಸಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ನಾಗವೇಣಿ ನನ್ನತ್ತ ತಿರುಗಿ ಕೇಳಿದಳು:

"ಹಂಗಾದ್ರೆ ಅವತ್ತು ನಾನು ಏನೂ ಕೆಡಿಸಿರಲಿಲ್ಲೇನ್ರಿ?"

"ಇಲ್ಲಮ್ಮ. ನಿನ್ನ ಕೈ ಸರಿಯಾಗೇ ಇತ್ತು."

"ಅಪ್ಪ ತೀರಿಕೊಂಡು ಎರಡು ವರ್ಷ ಆತ್ರಿ," ಅಂದಳು. "ಕೊನೇ ದಿನಾನೂ ನನ್ನ ಕೈ ಹಿಡ್ಕೊಂಡು, ಕೈ ತಪ್ಪು ಯಾರಿಗೂ ಆಕ್ಕೈತೆ ಬಿಡವ್ವ, ಮನಸಿಗೆ ಹಚ್ಕೋಬ್ಯಾಡ ಅಂದ್ರು. ನಾನು ಹೂಂ ಅಂದೆ. ಈಗ ಅವರಿಗೆ ಯಾರು ಹೇಳ್ತಾರ್ರಿ, ಸರ್?"

ಕ್ಷಮಿಸು ಎಂದು ಕೇಳಲೆಂದೇ ಹೋದವನು ನಾನು. ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.